ಬಾಣಂತಿ ಕೋಣೆಯ ಬಿಸಿಲು

ಬನಶಂಕರಿಯ ನಮ್ಮ ಮನೆಯ ಹಿಂದಿನ ವರಾಂಡದಲ್ಲಿ ಬೆಳಗಿನ ಬಿಸಿಲು ಬೀಳುವ ಕಡೆ ನಮ್ಮತ್ತೆಯ ಬೆತ್ತದ ಕುರ್ಚಿ ಇರುತ್ತಿತ್ತು. ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಮಂಡಿಗಳನ್ನು ಬಿಸಿಲಿಗೊಡ್ಡಿ ಕೂರುವರು. ಅದಿಲ್ಲದ ದಿನ ಅವರಿಗೆ ನಡೆಯಲೂ ಆಗದು, ನಮಗೆ ನೆಮ್ಮದಿಯೂ ಇರದು.

ಹೀಗಿರುವಾಗ ಪೂರ್ವಕ್ಕಿರುವ ಪಕ್ಕದ ಮನೆಯವರ ಹಿತ್ತಲಿಗೆ ಇಟ್ಟಿಗೆ, ಜಲ್ಲಿ ಬಂದು ಬಿದ್ದವು. ಕಾಂಪೌಂಡಿಗೆ ಅಂಟಿಕೊಂಡೇ ಗೋಡೆ ಏಳತೊಡಗಿತು. ನನಗೆ ಮೈಯೆಲ್ಲ ಉರಿಯಿತು. ಕೈಯಲ್ಲಿದ್ದ ಸೌಟಿನ ಸಮೇತ ಹೊರಗೆ ಹೋದೆ.

"ಏನ್ರೀ ಇದು? ಸ್ವಲ್ಪನಾದ್ರೂ ಜಾಗ ಬಿಡೋದು ಬೇಡ್ವಾ? ನಮ್ಮತ್ತೆ ಬಿಸಿಲಿಗೆ ಎಲ್ಲಿ ಹೋಗ್ಬೇಕು?"

ಎಷ್ಟೋ ವರ್ಷದಿಂದ ನನ್ನ ಜೊತೆ ನಿಂತು ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡಿದ ಪಕ್ಕದಾಕೆ ಮುಖ ಸಣ್ಣ ಮಾಡಿಕೊಂಡಳು. "ಮಗಳು ಬಾಣಂತನಕ್ಕೆ ಬರ್ತಾಳೆ ಕಣ್ರೀ. ಇರೋ ಎರಡು ರೂಮಲ್ಲಿ ಅವಳನ್ನ ಎಲ್ಲಿ ಮಲಗಿಸ್ಲಿ?"

"ಅದಕ್ಕೆ ನಮ್ ಬಿಸಿಲೇ ಬೇಕಿತ್ತಾ? ಕಾರ್ಪೊರೇಷನ್ನಿಗೆ ಹೇಳ್ತೀನಿ, ನೋಡ್ತಿರಿ. ಇನ್ಮೇಲೆ ನಿಮ್ಮನೆಗೆ ಕಾಲಿಡಲ್ಲ ನಾನು!"

ಒಳಗೆ ಬಂದರೆ ಅತ್ತೆಯಿಂದ ನನಗೇ ಮಂಗಳಾರತಿ. "ಸುಮ್ನಿರೇ. ಆ ಹುಡುಗಿ ನಮ್ಮನೆ ಮುಂದೇನೇ ಕುಂಟೆಬಿಲ್ಲೆ ಆಡ್ಕೊಂಡು ಬೆಳೆದೋಳು. ನನ್ ಮಂಡಿಗೋಸ್ಕರ ಅವಳ ಕೋಣೆ ನಿಲ್ಲಿಸ್ತೀಯಾ?"

ಕೋಣೆ ಎದ್ದಿತು, ಬಿಸಿಲು ಹೋಯಿತು. ಮುಂದಿನ ಗೇಟಿನ ಹತ್ತಿರ ಬಿಸಿಲಿದೆ, ಬನ್ನಿ ಎಂದರೆ, "ಬೀದೀಲಿ ಮಂಡಿ ತೋರಿಸ್ಕೊಂಡು ಕೂರ್ಲಾ?" ಎನ್ನುವರು. ಶಾಲು ಹೊದ್ದು ನೆರಳಲ್ಲೇ ಕೂತು, ಆಮೇಲೆ ಗೋಡೆ ಹಿಡಿದು ಒಳಗೆ ಬರುವರು. ಪಕ್ಕದಾಕೆಯ ಜೊತೆ ಮಾತು ಬಿಟ್ಟೆ.

ಮಗು ಹುಟ್ಟಿ, ಹೊಕ್ಕಳು ಬಿದ್ದ ಮೇಲೆ ಪಕ್ಕದಾಕೆ ನಮ್ಮ ಮನೆಗೆ ಬಂದಳು. ನನ್ನ ಮುಖ ನೋಡದೆ ನೇರ ಅತ್ತೆಯ ಹತ್ತಿರ ಹೋದಳು.

"ಅಮ್ಮಾ, ಮಗೂಗೆ ಎಣ್ಣೆ ಹಚ್ಚಿ ಎರೆಯೋಕೆ ನನ್ ಕೈ ನಡುಗುತ್ತೆ. ಕಾಲ್ಮೇಲೆ ಹಾಕ್ಕೊಂಡು ಎರೆಯೋದು ನಿಮಗೆ ಚೆನ್ನಾಗಿ ಗೊತ್ತು. ಬರ್ತೀರಾ?"

ಆಹಾ, ನಮ್ಮತ್ತೆಯ ಸಂಭ್ರಮವೇ! ಮಂಡಿನೋವಿನ ಸುದ್ದಿಯನ್ನೇ ಎತ್ತದೆ, ಸೆರಗು ಸಿಕ್ಕಿಸಿಕೊಂಡು ಅವಳ ತೋಳು ಹಿಡಿದು ಹೊರಟೇಬಿಟ್ಟರು. ಆಮೇಲೆ ದಿನಾ ಬೆಳಿಗ್ಗೆ ಅದೇ ಕೆಲಸ.

ಒಂದು ದಿನ ತಿಂಡಿಯ ಹೊತ್ತಾದರೂ ಬರಲಿಲ್ಲ. ಕಾಂಪೌಂಡಿನ ತುದಿಗೆ ಹೋಗಿ ಕೂಗಿದೆ. "ಅತ್ತೇ, ಉಪ್ಪಿಟ್ಟು ಆರ್ತಾ ಇದೆ!"

"ಇರೇ, ಮಗೂಗೆ ಬಿಸಿಲು ಕಾಯಿಸ್ತಿದೀನಿ."

ಇಣುಕಿದೆ. ಹೊಸ ಕೋಣೆಯ ಆಚೆ ಬದಿಗೆ ಪುಟ್ಟ ಜಗಲಿ, ಅದರ ತುಂಬ ಬಿಸಿಲು. ಅತ್ತೆ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ, ಕಾಲು ಚಾಚಿ ಕೂತಿದ್ದಾರೆ. ಕಾಲ ಮೇಲೆ ಎಣ್ಣೆ ಹಚ್ಚಿಸಿಕೊಂಡ ಮಗು.

"ಮಗೂಗೋ, ನಿಮಗೋ?" ಎಂದೆ.

ಅತ್ತೆ ನಕ್ಕರು. ಬಾಗಿಲಲ್ಲಿ ನಿಂತಿದ್ದ ಪಕ್ಕದಾಕೆ ಮೆಲ್ಲಗೆ, "ನಿಮ್ದೇ ಬಿಸಿಲು ಕಣ್ರೀ. ಬನ್ನಿ," ಎಂದಳು.

ಉಪ್ಪಿಟ್ಟಿನ ಬಾಣಲೆಯನ್ನೇ ಎತ್ತಿಕೊಂಡು, ಕಾಲಿಡಲ್ಲ ಎಂದಿದ್ದ ಮನೆಗೆ ಹೋದೆ. ಅತ್ತೆ ಮಗುವನ್ನು ನನ್ನ ತೊಡೆಗೆ ಹಾಕಿದರು. ಆಮೇಲೆ ಮೆಲ್ಲಗೆ ಎದ್ದು, ಗೋಡೆ ಹಿಡಿಯದೆ, ತಟ್ಟೆ ತರಲು ಅವರ ಅಡುಗೆಮನೆಗೆ ನಡೆದರು.