ಕೆಸರಿನ ಮೇಲೆ ಎಂಬತ್ತು ಟನ್

ಬೆಳಗಿನ ಐದೂವರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸ ಆಸ್ಪತ್ರೆ ಏಳಬೇಕಾದ ಜೌಗು ಬಯಲಿನಲ್ಲಿ ಹೆಂಗಸೊಬ್ಬರು ಎದೆಯೆತ್ತರದ ಕಬ್ಬಿಣದ ಸರಳು ಹಿಡಿದು, ನಾಲ್ಕು ಹೆಜ್ಜೆಗೊಮ್ಮೆ ನೆಲಕ್ಕೆ ಚುಚ್ಚುತ್ತ ನಡೆಯುತ್ತಿದ್ದಾರೆ. ಹತ್ತು ಗಂಟೆಗೆ ಇಲ್ಲಿಗೆ ಪೈಲಿಂಗ್ ಯಂತ್ರ ಬರಲಿದೆ. ಅಡಿಪಾಯದ ಕಂಬಗಳಿಗೆ ಆಳದವರೆಗೆ ನೆಲ ಕೊರೆಯುವ ಅದರ ತೂಕ ಎಂಬತ್ತು ಟನ್. ಅದು ನಿಲ್ಲಲು ತಾತ್ಕಾಲಿಕ ಗಟ್ಟಿ ನೆಲ ಮಾಡಿಕೊಡುವುದು ಇವರ ಕೆಲಸ. ಇಡೀ ಸೈಟಿಗೆ ಇವರು ‘ಬಲೆ ಅಕ್ಕ’.

ಬಲೆಯೆಂದರೆ ಜಿಯೋಗ್ರಿಡ್; ಕಪ್ಪಗಿನ, ಬಿರುಸಾದ ಪ್ಲಾಸ್ಟಿಕ್ ಜಾಲರಿ. ಮೆತ್ತನೆಯ ಮಣ್ಣಿನ ಮೇಲೆ ಅದನ್ನು ಹಾಸಿ ಜಲ್ಲಿ ಸುರಿದರೆ ಕಲ್ಲುಗಳು ಅದರ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಭಾರ ಒಂದೇ ಕಡೆ ಬೀಳದೆ ಹರಡಿಕೊಳ್ಳುತ್ತದೆ. “ರಶ್ ಇರೋ ಬಸ್ಸಲ್ಲಿ ಬ್ರೇಕ್ ಹಾಕಿದ್ರೂ ನಾವು ಬೀಳಲ್ಲ. ಬೀಳೋಕೆ ಜಾಗ ಎಲ್ಲಿದೆ? ಕಲ್ಲೂ ಹಾಗೇನೇ,” ಎನ್ನುತ್ತಾರೆ ಅಕ್ಕ. ಅವರ ತಂಡದಲ್ಲಿ ಆರು ಜನ. ನಾಲ್ಕು ಮೀಟರ್ ಅಗಲ, ಐವತ್ತು ಮೀಟರ್ ಉದ್ದದ ಸುರುಳಿಗಳನ್ನು ದಿನಕ್ಕೆ ಹತ್ತು ಹಾಸುತ್ತಾರೆ. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಮೊಳಕ್ಕಿಂತ ಹೆಚ್ಚು ಏರಿರಲೇಬೇಕು.

ಇವತ್ತು ಉಳಿದಿರುವುದು ಒಂದೇ ಮೂಲೆ. ಅಲ್ಲಿ ಚುಚ್ಚಿದ ಸರಳು ಬೆಣ್ಣೆಗೆ ಇಳಿದಂತೆ ಅರ್ಧದವರೆಗೆ ಇಳಿಯುತ್ತದೆ. ಅಕ್ಕನ ಮುಖ ಬದಲಾಗುತ್ತದೆ. ಎರಡು ಹೆಜ್ಜೆ ಆಚೆ ಚುಚ್ಚಿದರೆ ಗೇಣು ದಾಟುವುದಿಲ್ಲ. ಈಚೆ ಬಂದು ಚುಚ್ಚಿದರೆ ಮತ್ತೆ ಅರ್ಧ ಸರಳು ಒಳಗೆ.

ಎಂಜಿನಿಯರ್ ನಕ್ಷೆ ಬಿಡಿಸಿ, ಇಲ್ಲೇನೂ ತೋರಿಸಿಲ್ಲ, ಹಾಸಿಬಿಡಿ, ಯಂತ್ರ ಹೊರಟಾಗಿದೆ ಎಂದು ಅವಸರಿಸುತ್ತಾರೆ. ಅಕ್ಕ ಕೈಯಲ್ಲಿದ್ದ ಸರಳನ್ನು ಕೆಳಗಿಡುತ್ತಾರೆ.

“ಯಂತ್ರಕ್ಕೆ ನಕ್ಷೆ ಓದೋಕೆ ಬರಲ್ಲ ಸಾರ್. ಅಗೆಸಿ ನೋಡಿ. ಏನೂ ಸಿಗದಿದ್ರೆ ನಾಳೆಯಿಂದ ನಾನು ಬರಲ್ಲ.”

ಎಂಜಿನಿಯರ್ ನಕ್ಷೆ ಮಡಚಿ ಜೆಸಿಬಿ ಕರೆಸುತ್ತಾರೆ. ಮೂರನೆಯ ಬಕೆಟ್ಟಿಗೇ ಹಳೆಯ ಗುಂಡಿಯೊಂದು ಬಾಯಿ ತೆರೆಯುತ್ತದೆ. ಒಂದಾಳು ಆಳ, ಒಳಗೆ ಕೊಳೆತ ಹಲಗೆ, ಕಪ್ಪು ನೀರು. ಯಾವ ಕಾಲದಲ್ಲಿ ಯಾರು ಮುಚ್ಚಿದರೋ, ಕಾಗದದಲ್ಲಂತೂ ಇಲ್ಲ. ಎಲ್ಲರೂ ಒಟ್ಟಿಗೇ ಕೆಲಸಕ್ಕೆ ಬೀಳುತ್ತಾರೆ. ನೀರು ಪಂಪು ಮಾಡಿ, ಗುಂಡಿಗೆ ದಪ್ಪ ಕಲ್ಲು ತುಂಬಿ, ರೋಲರ್ ಓಡಿಸಿ, ಬಲೆ ಹಾಸಿ, ಜಲ್ಲಿ ಸುರಿದು, ಮೇಲೊಂದು ಹೆಚ್ಚುವರಿ ಬಲೆ, ಮತ್ತೆ ಜಲ್ಲಿ.

ಯಂತ್ರ ಏರುವಾಗ ಮಧ್ಯಾಹ್ನ ಒಂದು ಗಂಟೆ. ಆಪರೇಟರ್ ಕ್ಯಾಬಿನ್ನಿನಿಂದ ತಲೆ ಹೊರಹಾಕಿ, ನೆಲ ಸಿದ್ಧಮಾಡಿದ ಕೈ ಯಾರದು ಎಂದು ಕೇಳುತ್ತಾನೆ. ಅಕ್ಕನದು ಎಂದಾಗ ನಿಶ್ಚಿಂತೆಯಿಂದ ಕಿಟಕಿ ಮುಚ್ಚಿ ಲಿವರ್ ಎಳೆಯುತ್ತಾನೆ. ಯಂತ್ರಕ್ಕೆ ಚಕ್ರದ ಬದಲಿಗಿರುವ ಉಕ್ಕಿನ ಪಟ್ಟಿಗಳು ಕರಕರ ಎನ್ನುತ್ತ ಆ ಮೂಲೆಗೇ ಬರುತ್ತವೆ. ಸರ್ವೇಯರ್ ದುರ್ಬೀನಿಗೆ ಕಣ್ಣಿಟ್ಟು ಓದುತ್ತಾರೆ: ನೆಲ ಇಳಿದದ್ದು ನಾಲ್ಕೇ ಮಿಲಿಮೀಟರ್. ಆರೂ ಜನ ಚಪ್ಪಾಳೆ ತಟ್ಟುತ್ತಾರೆ. ಎಂಜಿನಿಯರ್ ತಮ್ಮ ಚಹಾವನ್ನು ಅಕ್ಕನ ಕೈಗೆ ಕೊಡುತ್ತಾರೆ.

ಈ ಕೆಲಸಕ್ಕೆ ಹೇಗೆ ಬಂದಿರಿ ಎಂದು ವರದಿಗೆ ಬಂದ ನಾನು ಕೇಳಿದಾಗ ಅಕ್ಕ ಹೇಳುತ್ತಾರೆ. ಗಂಡ ಕ್ರೇನ್ ಆಪರೇಟರ್. ಹನ್ನೊಂದು ವರ್ಷದ ಹಿಂದೆ ಬರೀ ಜಲ್ಲಿ ಸುರಿದ ನೆಲ ಕುಸಿದು ಕ್ರೇನ್ ಮಗುಚಿತು. ಜೀವ ಉಳಿಯಿತು, ಬಲಗಾಲು ಹೋಯಿತು. ನೆಲ ಕುಸಿದದ್ದು ಯಾಕೆಂದು ಅಕ್ಕ ಕಂಡಕಂಡವರನ್ನೆಲ್ಲ ಕೇಳಿದರು. ಉತ್ತರ ಕೊಟ್ಟವರು ಬಲೆ ಹಾಸುವ ಒಬ್ಬ ಮೇಸ್ತ್ರಿ. ಮರುವಾರವೇ ಅಕ್ಕ ಅವರ ತಂಡ ಸೇರಿದರು. “ಬಟ್ಟೆ ಹೊಲಿಯೋದು ಬಿಟ್ಟು ನೆಲ ಹೊಲಿಯೋಕೆ ಬಂದೆ,” ಎಂದು ನಗುತ್ತಾರೆ. ಗಂಡ ಈಗ ಮನೆಯಲ್ಲೇ ಮೋಟಾರು ರಿಪೇರಿ ಮಾಡುತ್ತಾರೆ. ಅಂದಿನಿಂದ ಯಾವ ಸೈಟಿಗೂ ಕಾಲಿಟ್ಟಿಲ್ಲ.

ಆಸ್ಪತ್ರೆ ಎದ್ದ ಮೇಲೆ ಈ ನೆಲವನ್ನೆಲ್ಲ ಅಗೆದು ತೆಗೆಯುತ್ತಾರಂತೆ. ಬೇಸರವಿಲ್ಲವೇ ಎಂದೆ. ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ.

“ಅಗೀಲಿ ಬಿಡಿ. ಅಷ್ಟರೊಳಗೆ ಒಂದ್ಸಲ ನಮ್ಮನೆಯವರನ್ನ ಇಲ್ಲಿಗೆ ಕರ್ಕೊಂಡು ಬರ್ಬೇಕು. ಊರುಗೋಲು ಗಟ್ಟಿಯಾಗಿ ಊರಿ ನೋಡಿ, ಇಳಿಯಲ್ಲ ಅಂತ ಹೇಳ್ಬೇಕು.”