ಬೆವರು ಆರಿದ ಮೇಲಿನ ತುಪ್ಪ

ನಮಗೆ ಕುಸ್ತಿ ಕಲಿಸುತ್ತಿದ್ದ ಉಸ್ತಾದರ ಎರಡೂ ಕಿವಿಗಳು ಜಜ್ಜಿ ಜಜ್ಜಿ ಒಣ ಅಣಬೆಯ ಹಾಗೆ ಮುದುಡಿಹೋಗಿದ್ದವು. ಮೂಗು ಮಾತ್ರ ಬಲು ಚುರುಕು. ಸಾಗರದ ನಮ್ಮ ಗರಡಿಮನೆಯಲ್ಲಿ ಬೆಳಿಗ್ಗೆ ಮಣ್ಣಿಗೆ ಇಳಿಯುವ ಮೊದಲು ಪ್ರತಿಯೊಬ್ಬನೂ ಅವರೆದುರು ಬಾಯಿ ತೆರೆದು ಉಸಿರು ಬಿಡಬೇಕು. ತುಪ್ಪದ ವಾಸನೆ ಬಂತೋ, ಅವತ್ತು ಅವನಿಗೆ ಕಸ ಗುಡಿಸುವ ಕೆಲಸ.

ಅರವತ್ತರ ದಶಕದ ಆ ದಿನಗಳಲ್ಲಿ ನಾನು ಮರದ ಮಿಲ್ಲಿನಲ್ಲಿ ದಿಮ್ಮಿ ಹೊರುತ್ತಿದ್ದೆ. ತುಪ್ಪವೆಂದರೆ ಶಕ್ತಿ, ಯಾವಾಗ ತಿಂದರೂ ಒಳ್ಳೆಯದೇ ಎಂದು ನಾವೆಲ್ಲ ನಂಬಿದ್ದೆವು. ಉಸ್ತಾದರೇನೂ ತುಪ್ಪದ ವೈರಿಯಲ್ಲ. ಸಾಮು ಮುಗಿದು ಬೆವರು ಆರಿದ ಮೇಲೆ ತಾವೇ ದೋಸೆ ಹೊಯ್ದು, ಮೇಲೆ ತುಪ್ಪ ಸುರಿದು, ಸಾಕೆಂದರೂ ಬಿಡದೆ ಬಡಿಸುತ್ತಿದ್ದರು. "ಮೊದ್ಲೇ ತಿಂದ್ರೆ ನಿನ್ ರಕ್ತ ಎಲ್ಲ ಹೊಟ್ಟೆ ಹತ್ರ ಪಂಕ್ತಿಗೆ ಕೂರ್ತದೆ. ಕೈಕಾಲಿಗೆ ಯಾರು ಬರ್ತಾರೆ ಮಾರಾಯ?" ಎಂದು ಛೇಡಿಸುತ್ತಿದ್ದರು.

ಒಮ್ಮೆ ತೀರ್ಥಹಳ್ಳಿಯಲ್ಲಿ ನನ್ನ ಕುಸ್ತಿ ನಿಗದಿಯಾಗಿತ್ತು. ಉಳಿದುಕೊಂಡ ಮನೆಯವರು ಬೆಳಗಿನ ಕಡುಬಿನ ಮೇಲೆ ಧಾರಾಳವಾಗಿ ತುಪ್ಪ ಹಾಕಿದರು. ಬೇಡವೆನ್ನಲು ಸಂಕೋಚವಾಗಿ ತಿಂದೆ. ಅಖಾಡದ ಅಂಚಿನಲ್ಲಿ ಉಸ್ತಾದರು ನನ್ನ ಬಾಯಿ ಮೂಸಿದರು. ಎದುರಾಳಿ ತೊಡೆ ತಟ್ಟಿ ನಿಂತಿದ್ದಾನೆ, ಜನ ಕೂಗುತ್ತಿದ್ದಾರೆ. ಇವರು ನನ್ನ ಹೆಗಲಿಗೆ ಪಂಚೆ ಹೊದಿಸಿ, "ನಮ್ಮ ಹುಡ್ಗ ಸೋತ ಅಂತ ಹೇಳ್ಬಿಡಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸು ಬರುವಾಗ ಹೊಸನಗರದವರೆಗೂ ಬಸ್ಸಿನಲ್ಲಿ ಮುಖ ತಿರುಗಿಸಿಯೇ ಕೂತಿದ್ದೆ. ಅಲ್ಲಿ ಬಸ್ಸು ನಿಂತಾಗ ಅವರೇ ಮಾತು ತೆಗೆದರು.

"ನಂಗೊಬ್ಬ ತಮ್ಮ ಇದ್ದ. ನಮ್ಮೂರಲ್ಲೇ ಕುಸ್ತಿ. ಗೆಲ್ಲಲಿ ಅಂತ ನಾನೇ ಬಟ್ಟಲು ತುಂಬ ತುಪ್ಪ ಕುಡ್ಸಿದ್ದೆ. ಬೇಡ ಅಣ್ಣ, ಹೊಟ್ಟೆ ತೊಳಸ್ತದೆ ಅಂದ. ಕೇಳ್ಲಿಲ್ಲ. ಅಂಗಾತ ಬಿದ್ದ, ಮೇಲಿನವ ಅದುಮಿ ಹಿಡ್ದ. ಕುಡ್ದಿದ್ದೆಲ್ಲ ಗಂಟಲಿಗೆ ಬಂದು ಉಸಿರು ಕಟ್ತು. ಕಾಲು ಬಡೀತಿದ್ದ. ಪಟ್ಟು ಬಿಡಿಸ್ಕೊಳ್ತಿದಾನೆ ಅಂದ್ಕಂಡು ನಾನು ಶಿಳ್ಳೆ ಹಾಕ್ತಿದ್ದೆ."

ಬಸ್ಸು ಮತ್ತೆ ಹೊರಟಾಗ ನಾನು ಅವರ ಕಡೆಗೆ ತಿರುಗಿ ಕೂತೆ.

ಅವರ ಊರು, ಮನೆ, ಆ ಅಖಾಡ ಎಲ್ಲವೂ ಆಗಲೇ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮುಳುಗಿದ್ದವು. ಬಿಡುವಾದಾಗ ಉಸ್ತಾದರು ಆ ಹಿನ್ನೀರಿನ ದಡದ ಹೊನ್ನೆಮರಡಿಗೆ ಹೋಗಿ ನೀರಿಗೆ ಮುಖ ಮಾಡಿ ಕೂರುತ್ತಿದ್ದರು. ಜೊತೆಗೆ ಹೋದಾಗ ನೋಡಿದ್ದೇನೆ, ದಡಕ್ಕೆ ಅಲೆ ಬಡಿದ ಸದ್ದಾದರೆ ಸಾಕು, ದಿಗ್ಗನೆ ಎದ್ದು ನಿಲ್ಲುತ್ತಿದ್ದರು. ಕ್ರಮೇಣ ಅದು ನನಗೂ ಅಂಟಿಕೊಂಡಿತು. ಮಿಲ್ಲಿನಲ್ಲಿ ದಿಮ್ಮಿ ಉರುಳಿದರೂ ಯಾರೋ ಕಾಲು ಬಡಿದಂತಾಗಿ ಬೆಚ್ಚುತ್ತಿದ್ದೆ.

ಆ ದಶಕ ಮುಗಿಯುವ ಮೊದಲೇ ಉಸ್ತಾದರು ಜ್ವರದಲ್ಲಿ ಹಾಸಿಗೆ ಹಿಡಿದರು. ಕೊನೆಯ ಮಧ್ಯಾಹ್ನ ನಾನು ಪಕ್ಕದಲ್ಲಿದ್ದೆ. ಕಣ್ಣು ತೆರೆದು ನನ್ನನ್ನೇ ದಿಟ್ಟಿಸಿ, "ತಮ್ಮಾ, ತುಪ್ಪ ಕುಡ್ದ್ಯಾ?" ಎಂದರು.

"ಇಲ್ಲ ಅಣ್ಣ. ಬರೀ ಹೊಟ್ಟೆ" ಎಂದೆ.

ಅವರು ನನ್ನ ಮಣಿಕಟ್ಟು ಹಿಡಿದರು. ಹಿಡಿತ ಇನ್ನೂ ಗಟ್ಟಿಯಾಗಿತ್ತು. "ಆದ್ರೂ ಇವತ್ತು ಆಡೋದು ಬೇಡ ಕಣೋ. ಮನೆಗೆ ಹೋಗಣ."

"ಹೋಗಣ ಅಣ್ಣ" ಎಂದೆ. ಆ ಕೈ ಸಡಿಲವಾಗುವವರೆಗೂ ಅದನ್ನೇ ಹೇಳುತ್ತಿದ್ದೆ.