ಎದೆಯ ಮೇಲಿನ ಬಟ್ಟಲು ತುಳುಕದ ಹಾಗೆ

“ಏ ದ್ಯಾಮಣ್ಣಾ, ನಾ ಹತ್ತಿ ಅಂಡಗಿ ಅಲ್ಲಪಾ! ಕೊಕ್ಕಿ ಹಾಕಿ ಎಳಿಯೂದೊಂದ ಬಾಕಿ ಉಳಿಸೀದಿ ನೋಡು.”

ನೆಲದ ಮೇಲೆ ಅಂಗಾತ ಮಲಗಿರುವ ಕುಬೇರಪ್ಪ ಹೀಗೆ ಅನ್ನುವುದೇ ತಡ, ಸುತ್ತ ಇದ್ದವರೆಲ್ಲ ನಗುತ್ತಾರೆ. ಹುಬ್ಬಳ್ಳಿಯ ಹತ್ತಿ ಪೇಟೆಯಲ್ಲಿ ಇನ್ನೂ ಬೆಳಕು ಪೂರ್ತಿ ಹರಿದಿಲ್ಲ. ಹತ್ತಿ ತುರುಕಿದ ದೊಡ್ಡ ಚೀಲಗಳು, ಇಲ್ಲಿಯವರು ಅಂಡಗಿ ಅನ್ನುತ್ತಾರಲ್ಲ, ಅವು ಮಬ್ಬಿನಲ್ಲಿ ಕೂತ ಎಮ್ಮೆಗಳ ಹಾಗೆ ಕಾಣುತ್ತವೆ. ಇಪ್ಪತ್ತೆರಡರ ಹಮಾಲ ದ್ಯಾಮಣ್ಣ ನಾಚಿಕೊಂಡು ಕೈ ಹಿಂದಕ್ಕೆ ತೆಗೆಯುತ್ತಾನೆ. ನಗದೆ ನಿಂತವರು ಒಬ್ಬರೇ. ತಲೆಗೆ ಮಾಸಿದ ಕೆಂಪು ರುಮಾಲು, ಹೊತ್ತು ಹೊತ್ತು ಎಡಕ್ಕಿಂತ ಎರಡು ಬೆರಳು ಕೆಳಗಿಳಿದ ಬಲ ಹೆಗಲು.

“ಮತ್ತ ಮೊದಲಿಂದ,” ಅನ್ನುತ್ತಾರೆ ಉಡಚಪ್ಪ.

ಸುಳ್ಳ ಎಂಬ ಹಳ್ಳಿಯಿಂದ ಹದಿನೈದನೆಯ ವಯಸ್ಸಿಗೆ ಬಂದು ಇಲ್ಲಿ ಹಮಾಲಿ ಹಿಡಿದ ಉಡಚಪ್ಪನವರಿಗೆ ಈಗ ಐವತ್ತೆರಡು. ಸುಗ್ಗಿಯಲ್ಲಿ ದಿನಕ್ಕೆ ನಲವತ್ತು ಅಂಡಗಿ ಬೆನ್ನ ಮೇಲೆ ಸಾಗಿಸುತ್ತಾರೆ. ಆದರೆ ಐದೂವರೆಯಿಂದ ಏಳರವರೆಗೆ ಅವರು ಹಮಾಲರಲ್ಲ, ಮಾಸ್ತರರು. ಗಾಯವಾದವರನ್ನು ದವಾಖಾನೆ ಮುಟ್ಟುವತನಕ ಹೇಗೆ ಕಾಯಬೇಕು ಎಂಬುದನ್ನು ಕೈ ಹಿಡಿದು ಕಲಿಸುತ್ತಾರೆ. ಪಾಟಿ, ಪುಸ್ತಕ ಏನೂ ಇಲ್ಲ. ಸಲಕರಣೆ ಅಂದರೆ ಕುಬೇರಪ್ಪನ ಹೆಂಡತಿ ಗುಡ್ಡವ್ವನ ಚಹಾದಂಗಡಿಯ ಬಾಗಿಲ ಹಲಗೆ ಒಂದು, ಹಳೇ ಧೋತರ ಹರಿದ ಪಟ್ಟಿಗಳು, ಒಂದು ಹಿತ್ತಾಳೆ ಬಟ್ಟಲು.

ಪಾಠ ಹೀಗಿದೆ. ಮೂವರು ಒಂದೇ ಬದಿಗೆ ಕೂತು ಬಿದ್ದವನನ್ನು ಮರದ ದಿಮ್ಮಿಯಂತೆ ಸೆಟೆದ ಹಾಗೇ ತಮ್ಮತ್ತ ಹೊರಳಿಸಬೇಕು. ತಲೆಯ ಕಡೆ ಇರುವ ನಾಲ್ಕನೆಯವನು ಎರಡೂ ಕೈಯಲ್ಲಿ ತಲೆ ಹಿಡಿದು ಕೂಗು ಕೊಡಬೇಕು, ಉಳಿದವರು ಅದರಂತೆ ನಡೆಯಬೇಕು. ಹಲಗೆ ಬೆನ್ನಿನಡಿ ಸರಿದ ಮೇಲೆ ಎದೆಯ ಮೇಲೆ ಅಂಚಿನತನಕ ನೀರು ತುಂಬಿದ ಬಟ್ಟಲು. ಹಲಗೆ ಎತ್ತಿ ಮೂವತ್ತು ಹೆಜ್ಜೆ ನಡೆಯಬೇಕು. ಒಂದು ಹನಿ ಚೆಲ್ಲಿದರೂ ಮೊದಲಿಂದ.

ಹಮಾಲರಿಗೆ ಇದು ಕಷ್ಟ. ಶಕ್ತಿ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಅಂಡಗಿ ಎತ್ತುವಾಗ “ಹೋ ಬಸವಾ!” ಎಂದು ಕೂಗಿ ಒಂದೇ ಝಟಕಿಗೆ ಬೆನ್ನಿಗೆ ಹಾಕಿಕೊಳ್ಳುವುದು ಅವರ ರೂಢಿ. ಮನುಷ್ಯನನ್ನು ಕಂಡರೂ ಬಾಯಿಗೆ ಅದೇ ಕೂಗು, ಕೈಗೆ ಅದೇ ಝಟಕಿ.

“ಕೂಗು ಬಿಡಸಾಕ ನನಗ ಆಗಲಿಲ್ರಿ,” ಅನ್ನುತ್ತಾರೆ ಉಡಚಪ್ಪ. “ನಮ್ಮಪ್ಪನ ಕಾಲದ್ದದು. ಅದಕ ಸಣ್ಣ ಮಾಡಸೇನಿ. ಕೂಸು ಮಲಗಿದ್ದಾಗ ಮನ್ಯಾಗ ಹ್ಯಾಂಗ ಮಾತಾಡ್ತೀವಿ, ಹಂಗ ಅನ್ರಪಾ ಅಂತೇನಿ. ಕೂಗು ಸಣ್ಣ ಆತಂದ್ರ ಕೈನೂ ಸಣ್ಣ ಆಗತಾವು.”

ಇದನ್ನೆಲ್ಲ ಯಾಕೆ ಶುರು ಮಾಡಿದಿರಿ ಎಂದು, ಪತ್ರಿಕೆಗೆ ಬರೆಯಲು ಬಂದ ನಾನು ಕೇಳಿದರೆ ಉಡಚಪ್ಪ ಬಟ್ಟಲು ಎತ್ತಿಕೊಂಡು ನೀರು ತರಲು ನಳದ ಕಡೆ ಹೊರಟುಬಿಡುತ್ತಾರೆ. ಉತ್ತರ ಮಲಗಿದ್ದಲ್ಲಿಂದ ಬರುತ್ತದೆ.

“ನನ್ನ ಸಲುವಾಗಿ ರೀ,” ಅನ್ನುತ್ತಾರೆ ಕುಬೇರಪ್ಪ.

ಹನ್ನೊಂದು ವರ್ಷದ ಹಿಂದೆ, ಸಾವಿರದ ಒಂಬೈನೂರ ಐವತ್ಮೂರರ ಸುಗ್ಗಿಯಲ್ಲಿ, ಕುಬೇರಪ್ಪ ಅಂಡಗಿಯ ಒಟ್ಟಿಲಿನ ಮೇಲಿಂದ ಜಾರಿ ಬಿದ್ದರು. ಜೋಡಿ ಹಮಾಲ ಉಡಚಪ್ಪ ಗೆಳೆಯನನ್ನು ಒಂದೇ ಝಟಕಿಗೆ ಬೆನ್ನಿಗೆ ಹಾಕಿಕೊಂಡು ದವಾಖಾನೆಗೆ ಓಡಿದರು. ದಾರಿಯುದ್ದಕ್ಕೂ ಜನ ಶಾಬಾಶ್ ಅಂದರಂತೆ. ಅಂದಿನಿಂದ ಕುಬೇರಪ್ಪನಿಗೆ ಸೊಂಟದ ಕೆಳಗೆ ಸ್ಪರ್ಶವಿಲ್ಲ.

“ಬಿದ್ದಾಗ ನನ್ನ ಕಾಲ ಹೆಬ್ಬಟ್ಟು ಆಡತಿತ್ತರಿ, ದವಾಖಾನಿ ಮುಟ್ಟೂದ್ರಾಗ ನಿಂತಿತ್ತು. ನಾನ ಕಣ್ಣಾರೆ ನೋಡೇನಿ. ಇದನ್ನ ಅವಗ ಒಂದ ಸಲ ಹೇಳಿದೆ. ಆಮ್ಯಾಲೆ ಹೇಳಿಲ್ಲ.” ನಳದ ಕಡೆ ಕಣ್ಣು ಹಾಯಿಸಿ ದನಿ ಏರಿಸುತ್ತಾರೆ. “ಈಗ ನೋಡ್ರಿ, ಎಲ್ಲಾರೂ ದುಡಿದ ಮಲಗತಾರ. ನನಗ ಮಲಗೂದ ದುಡಿಮಿ!”

ನೀರು ತಂದ ಉಡಚಪ್ಪ ತಾವಾಗಿಯೇ ಮಾತು ಮುಂದುವರಿಸುತ್ತಾರೆ. “ದವಾಖಾನಿ ಡಾಕ್ಟರ್ ನನಗ ಬೈಲಿಲ್ರಿ. ಹ್ಯಾಂಗ ತಂದಿ ಇವನ್ನ ಅಂತ ಕೇಳಿದ್ರು. ನಾ ತೋರಿಸಿದೆ. ಕಣ್ಣಿನ ಚಾಳೀಸ ತಗದು ಒರಸಿಕೊಂತ ಕುಂತ್ರು, ಏನೂ ಅನಲಿಲ್ಲ. ಬೈದಿದ್ರ ಛಲೋ ಆಗತಿತ್ತು. ಅವತ್ತಿಂದ ಕುಬೇರಪ್ಪನ ಮೈಗೆ ನಾ ಕೈ ಹಚ್ಚಿಲ್ರಿ. ಕಲಸ್ತೇನಿ, ಎತ್ತೂದು ಅವರು.”

ಉಡಚಪ್ಪನವರಿಗೆ ಇದನ್ನು ಕಲಿಸಿದವರು ಹುಸೇನಬಾಷಾ. ಮಹಾಯುದ್ಧದಲ್ಲಿ ಬರ್ಮಾ ಗಡಿಯಲ್ಲಿ ಗಾಯಾಳುಗಳನ್ನು ಹೊತ್ತು, ಊರಿಗೆ ಮರಳಿ ಟಾಂಗಾ ಹೊಡೆಯುತ್ತಿದ್ದವರು. ಒಂದು ದಿನ ರಸ್ತೆಯಲ್ಲಿ ಕಾಲು ಮುರಿದುಕೊಂಡವನೊಬ್ಬನಿಗೆ ಅವರು ತಮ್ಮ ಚಾಟಿಯ ಕೋಲನ್ನೇ ಆಸರೆಯಾಗಿ ಕಟ್ಟಿದ್ದನ್ನು ಉಡಚಪ್ಪ ನೋಡಿದರು, ಅಲ್ಲಿಂದ ಬೆನ್ನು ಬಿಡಲಿಲ್ಲ. ಎರಡು ವರ್ಷ ಕುದುರೆಗೆ ಮೇವು ಹಾಕುತ್ತ, ಮೈ ತಿಕ್ಕುತ್ತ ಕಲಿತರು. ರಕ್ತ ಚಿಮ್ಮುವಲ್ಲಿ ಎಲ್ಲಿ ಒತ್ತಬೇಕು, ಎಚ್ಚರ ತಪ್ಪಿದವನ ಬಾಯಿಗೆ ಯಾಕೆ ನೀರು ಬಿಡಬಾರದು, ಯಾವ ನೋವಿಗೆ ಕೈ ಹಚ್ಚದಿರುವುದೇ ಮೇಲು. ಹುಸೇನಬಾಷಾ ಹೋದ ವರ್ಷ ತೀರಿಕೊಂಡರು.

ಆರು ವರ್ಷದಲ್ಲಿ ಉಡಚಪ್ಪನವರ ಕೈಯಲ್ಲಿ ಮೂವತ್ನಾಲ್ಕು ಹಮಾಲರು ಪಳಗಿದ್ದಾರೆ. ಅವರು ಹಲಗೆ ಮೇಲೆ ಸಾಗಿಸಿದ ಗಾಯಾಳುಗಳು ನಲವತ್ತೊಂದು. ಇದರ ಎಣಿಕೆ ಉಡಚಪ್ಪನವರಿಗಿಲ್ಲ, ಕುಬೇರಪ್ಪನಿಗೆ ಬಾಯಿಪಾಠ. ಆದರೂ ಪೇಟೆಗೆ ಒಂದು ಸ್ಟ್ರೆಚರ್, ಒಂದು ಔಷಧಿ ಪೆಟ್ಟಿಗೆ ಕೊಡಿಸಿ ಎಂದು ಕೇಳಿದಾಗಲೆಲ್ಲ ಪೇಟೆಯ ಹಿರಿಯರದು ಒಂದೇ ಮಾತು: “ಕೊಟ್ರ ಅದರ ಮ್ಯಾಲೆ ಮಧ್ಯಾಹ್ನ ನಿದ್ದಿ ಹೊಡೀತೀರಿ.” ಕೊನೆಗೆ, ಡಾಕ್ಟರರು ಪರೀಕ್ಷೆ ಮಾಡಿ ನಾಲ್ವರು ಪಾಸಾದರೆ ಕೊಡೋಣ ಎಂದು ಒಪ್ಪಿದ್ದಾರೆ. ಆ ಪರೀಕ್ಷೆ ಇವತ್ತೇ. ಅಮಾವಾಸ್ಯೆ, ಪೇಟೆಗೆ ರಜೆ.

ಏಳಕ್ಕೆ ಧಾರವಾಡದಿಂದ ಡಾಕ್ಟರ್ ಶಾಂತಯ್ಯ ಬರುತ್ತಾರೆ. ಅವರ ಬೆನ್ನ ಹಿಂದೆಯೇ ಗೋಪನಕೊಪ್ಪದಿಂದ ಸುದ್ದಿಯೂ ಬರುತ್ತದೆ. ಇವತ್ತಿನ ನಾಲ್ವರಲ್ಲಿ ತಲೆ ಹಿಡಿಯಬೇಕಾದ ಅರ್ಜುನಪ್ಪನ ಹೆಂಡತಿಗೆ ಹೆರಿಗೆ ನೋವು, ಅವನು ಬರುವುದಿಲ್ಲ. ಹಿಂದೆ ಕಲಿತವರೆಲ್ಲ ರಜೆಗೆಂದು ನಿನ್ನೆಯೇ ಊರು ಸೇರಿದ್ದಾರೆ.

“ಮೂರ ಮಂದಿ ಆದ್ರಲ್ಲ,” ಅನ್ನುತ್ತಾರೆ ಡಾಕ್ಟರರು. “ನಾ ಮತ್ತ ಬರೂದಂದ್ರ ಸುಗ್ಗಿ ಮುಗದ ಮ್ಯಾಲೆನ ನೋಡ್ರಿ.”

ಪೇಟೆಯಲ್ಲಿ ಮೂಳೆ ಮುರಿಯುವುದು ಸುಗ್ಗಿಯಲ್ಲೇ.

“ತಲಿ ಹಿಡ್ಯಾಕ ಒಬ್ಬಾಂವ ಅದಾನಲ್ರಿ,” ಕುಬೇರಪ್ಪ ಮಲಗಿದ್ದಲ್ಲಿಂದಲೇ ಅನ್ನುತ್ತಾರೆ. “ಕೆಂಪ ರುಮಾಲ ಸುತಗೊಂಡು ಕಂಬದ ಹಂಗ ನಿಂತಾನ.”

“ನಾ ಬ್ಯಾಡೋ, ಕುಬೇರಾ.”

“ಯಾಕ ಬ್ಯಾಡ? ಮುಂಜಾನಿ ಎದ್ದರ ಮಂದಿ ಕೈಯಾಗ ಕೊಟ್ಟ ನನ್ನ ಹೊರಸ್ತಿ. ಈ ದ್ಯಾಮ್ಯಾ ಎರಡ ಸಲ ಕೆಡವ್ಯಾನ. ನೀ ಏನ ಅದಕ್ಕಿಂತ ಹೆಚ್ಚಿಗಿ ಮಾಡ್ತಿ? ಬಾ.”

ಉಡಚಪ್ಪ ರುಮಾಲು ಬಿಚ್ಚಿ ಪಕ್ಕಕ್ಕಿಡುತ್ತಾರೆ. ಮೊಳಕಾಲೂರಿ ಕೂತು ಎರಡೂ ಅಂಗೈ ಗೆಳೆಯನ ತಲೆಯಡಿ ಸರಿಸುತ್ತಾರೆ. ದಪ್ಪ ಜಡ್ಡುಗಟ್ಟಿದ ಬೆರಳುಗಳು ಕಿವಿಯ ಎರಡೂ ಬದಿಗೆ ಬಂದು ನಿಲ್ಲುತ್ತವೆ. “ಬಸವಾ,” ಅನ್ನುತ್ತಾರೆ. ನಾಲ್ಕಡಿ ದೂರದಲ್ಲಿದ್ದ ನನಗೆ ತುಟಿ ಅಲುಗಿದ್ದು ಕಾಣುತ್ತದೆ, ದನಿ ಕೇಳುವುದಿಲ್ಲ. ಕುಬೇರಪ್ಪ ಹೊರಳುತ್ತಾರೆ, ಹಲಗೆ ಸರಿಯುತ್ತದೆ, ತಲೆಯ ಎರಡೂ ಕಡೆ ಬಟ್ಟೆಯ ಸಿಂಬಿ, ಅಡ್ಡಲಾಗಿ ಪಟ್ಟಿ, ಎದೆಯ ಮೇಲೆ ಬಟ್ಟಲು. ಹಲಗೆ ಏಳುತ್ತದೆ. ಮೂವತ್ತು ಹೆಜ್ಜೆ. ಚಹಾದಂಗಡಿಯ ಕಟ್ಟೆಯ ಮೇಲೆ ಹಲಗೆ ಇಳಿದಾಗ ಬಟ್ಟಲಿನ ನೀರು ಅಂಚಿಗೆ ಬಂದು ಹಿಂದೆ ಸರಿಯುತ್ತದೆ.

ಡಾಕ್ಟರರು ಬಗ್ಗಿ ನೋಡುತ್ತಾರೆ. ಪಟ್ಟಿಯ ಗಂಟು ಎಳೆದರೂ ಬಿಚ್ಚುವುದಿಲ್ಲ, ಚೀಲದಿಂದ ಕತ್ತರಿಯೇ ಬರಬೇಕಾಗುತ್ತದೆ.

“ಇದ್ಯಾರು ಕಟ್ಟಿದ್ದು? ಅಂಡಗಿ ಬಾಯಿ ಹೊಲಿದಂಗ ಆಗೇದಲ್ಲ!”

“ನಾನರಿ,” ಅನ್ನುತ್ತಾನೆ ದ್ಯಾಮಣ್ಣ.

“ಅದೊಂದ ತಿದ್ದಕೋ. ಉಳದದ್ದಕ್ಕ ನಾ ಏನೂ ಹೇಳೂದಿಲ್ಲ. ಪೆಟಗಿ, ಸ್ಟ್ರೆಚರ್ ಎರಡೂ ಮಂಗಳವಾರ ಬರ್ತಾವ.”

ಇನ್ನೇನು ಬೇಕು ಉಡಚಪ್ಪನವರೇ ಎಂದು ಕೇಳುತ್ತೇನೆ.

“ಆ ಸ್ಟ್ರೆಚರ್ ಮ್ಯಾಲೆ ಧೂಳ ಕೂಡಬೇಕರಿ. ಅಷ್ಟ.”

“ಕೂಡ್ಲಿ, ಕೂಡ್ಲಿ,” ಅನ್ನುತ್ತಾರೆ ಕುಬೇರಪ್ಪ. “ಝಾಡಸಾಕ ನಾ ಅದೇನಿ. ಈಗ ಮದಲ ನೀರ ಕುಡಸು, ಗಂಟಲಾ ಒಣಗೇತಿ.”

ಉಡಚಪ್ಪ ಒಂದು ಕೈಯಲ್ಲಿ ಬಟ್ಟಲು ತೆಗೆದುಕೊಂಡು, ಇನ್ನೊಂದರಲ್ಲಿ ಗೆಳೆಯನ ತಲೆಯನ್ನು ಅಳೆದಂತೆ ಬೇಕಾದಷ್ಟೇ ಎತ್ತುತ್ತಾರೆ. ಕುಬೇರಪ್ಪ ನಿಧಾನವಾಗಿ ಕುಡಿಯುತ್ತಾರೆ. ಏಳಾಗುತ್ತಲೇ ನನ್ನ ಹಲಗಿ ತರ್ರಿ ಎಂದು ದಿನಾ ಒದರುವ ಗುಡ್ಡವ್ವ ಬಾಗಿಲಲ್ಲಿ ಬಂದು ನಿಂತು ಇಬ್ಬರನ್ನೂ ನೋಡುತ್ತಾರೆ. ಇವತ್ತು ಹಲಗೆ ಕೇಳದೆ ಒಳಗೆ ಹೋಗಿ ಒಲೆ ಹೊತ್ತಿಸುತ್ತಾರೆ.